ಮನೆಯ ಹೆಣ್ಣುನಾಯಿ ಮತ್ತು ಅದರ ಬೆದೆಗಾಲ



ನಾಯಿಯನ್ನು ಸಾಕಿದ ಮನೆಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಬರತಕ್ಕ ಒಂದು ಸಂದರ್ಭವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ಮನೆಯ ಹೆಣ್ಣುನಾಯಿಯು ಬೆದೆಗೆ ಬಂದಾಗ ಅದನ್ನು ನೋಡಿಕೊಳ್ಳುವ ಬಗೆ ಹೇಗೆ ಎಂಬುದೇ ಆ ವಿಷಯ. ಹಸುವು ಬೆದೆಗೆ ಬಂದಿತೆಂದರೆ ನಮ್ಮ ರೈತನು ಜಗುಲಿಯ ಮೇಲೆ ಕುಳಿತು ನಾಲ್ವರೆದುರಿಗೆ ಸಂಕೋಚವಿಲ್ಲದೆ ಹೇಳುವನು. ಅದು ಕರುವಿನ ಮಾತು, ಹಾಲಿನ ಮಾತು. ನಾಯಿಯ ವಿಷಯಕ್ಕೆ ಬಂದರೆ ಮಾತ್ರ ಪಟ್ಟಣದ ವಿದ್ಯಾವಂತ ಗೃಹಸ್ಥರೂ ಮಾತನ್ನು ಬೇರೆ ಕಡೆಗೆ ತಿರುಗಿಸುವರು. ಈ ಸಂಕೋಚದಿಂದಾಗಿ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ಮುಟ್ಟದೆ, ಮನೆಮನೆಯಲ್ಲಿಯೂ ಒಂದೇ ತಪ್ಪು ಮತ್ತೆ ಮತ್ತೆ ನಡೆಯುತ್ತಿರುವುದು.

ಆ ತಪ್ಪು ಯಾವುದು? ರಕ್ತ ಕಾಣಿಸಿದ ಮೊದಲ ವಾರದಲ್ಲಿ ನಾಯಿಯನ್ನು ಎಚ್ಚರಿಕೆಯಿಂದ ಕಟ್ಟಿಹಾಕುವುದು. ಎಂಟು ಹತ್ತು ದಿನಗಳಲ್ಲಿ ರಕ್ತವು ತಿಳಿಯಾದ ಕೂಡಲೇ "ಸದ್ಯ, ಮುಗಿಯಿತು" ಎಂದು ಸರಪಳಿಯನ್ನು ಬಿಚ್ಚುವುದು. ವಾಸ್ತವದಲ್ಲಿ ಆಗ ಮುಗಿದಿರುವುದು ಪೀಠಿಕೆ ಮಾತ್ರ. ಗರ್ಭ ಕಟ್ಟುವ ಕಾಲವು ಅಲ್ಲಿಂದಲೇ ಮೊದಲಾಗುವುದು. ಎರಡು ತಿಂಗಳು ಕಳೆದ ಮೇಲೆ ಹಿತ್ತಿಲಿನ ಸೌದೆಯ ಮೂಲೆಯಲ್ಲಿ ಐದಾರು ಮರಿಗಳು ಕಣ್ಣು ತೆರೆಯುವಾಗ, "ನಾವು ಅಷ್ಟು ಜೋಪಾನ ಮಾಡಿದೆವಲ್ಲ!" ಎಂದು ಮನೆಯವರು ಬೆರಗಾಗುವರು. ಅವರು ಜೋಪಾನ ಮಾಡಿದ್ದು ನಿಜ; ಮಾಡಿದ ದಿನಗಳು ಮಾತ್ರ ತಪ್ಪಾಗಿದ್ದುವು.

ಈ ತಪ್ಪಿನ ಬೆಲೆ ಎಷ್ಟೆಂಬುದು ಪಟ್ಟಣದ ಕಾಂಪೌಂಡು ಗೋಡೆಗಳ ನಡುವೆ ಚೆನ್ನಾಗಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಕಾಡಂಚಿನ ಒಂದು ಊರಿಗೆ ಹೋಗಬೇಕು. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಘಟ್ಟವನ್ನು ಇಳಿದರೆ ಪಾಲಾರ್ ಎಂಬ ಊರು ಸಿಕ್ಕುವುದು. ಅದೇ ಹೆಸರಿನ ಹೊಳೆಯು ಅಲ್ಲಿ ಕರ್ನಾಟಕಕ್ಕೂ ತಮಿಳುನಾಡಿಗೂ ಎಲ್ಲೆಯಾಗಿ ಹರಿದು ಕಾವೇರಿಯನ್ನು ಸೇರುವುದು. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಕೊಳ್ಳೇಗಾಲದ ಸೀಮೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಸುತ್ತಣ ಅರಣ್ಯವು 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವೆನಿಸಿತು. ಹುಲಿ, ಚಿರತೆ, ಸೀಳುನಾಯಿಗಳು ಆ ಕಾಡಿನ ನಿವಾಸಿಗಳು. ಸೋಲಿಗರ ಪೋಡುಗಳೂ ಬೇಸಾಯಗಾರರ ಮನೆಗಳೂ ಅದರ ಮಗ್ಗುಲಿಗೇ ಇರುವುವು.

ಇಂತಹ ಕಡೆಯಲ್ಲಿ ನಾಯಿಯು ಶೋಕಿಗಾಗಿ ಸಾಕಿದ ಪ್ರಾಣಿಯಲ್ಲ. ರಾಗಿಯ ಹೊಲಕ್ಕೆ ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುವುದು ಅದು. ರಾತ್ರಿ ಆನೆಯ ಸುಳಿವನ್ನು ಮೊದಲು ತಿಳಿಸುವುದೂ ಅದೇ. ಮನೆಗೆ ಗೋಡೆ ಉಂಟು, ಅಂಗಳಕ್ಕೆ ಗೋಡೆ ಇಲ್ಲ. ಆ ಮನೆಯ ಹೆಣ್ಣುನಾಯಿಯು ಬೆದೆಗೆ ಬಂದಿತೆಂದರೆ ಗಾಳಿಯಲ್ಲಿ ವಾಸನೆ ಹಿಡಿದು ದೂರದ ಗಂಡುನಾಯಿಗಳೂ ಬಂದು ಸೇರುವುವು. ಸೇರಿದವು ಸುಮ್ಮನಿರುವುದಿಲ್ಲ, ಒಂದನ್ನೊಂದು ಕಚ್ಚಿ ಹರಿಯುವುವು. ಹೆಣ್ಣುನಾಯಿಯೂ ಕಟ್ಟು ಕಿತ್ತುಕೊಂಡು ಕತ್ತಲಲ್ಲಿ ಹೊರಟುಬಿಡುವುದುಂಟು. ಚಿರತೆಗೆ ನಾಯಿಯ ಮಾಂಸದ ಮೇಲೆ ಇರುವ ಆಸೆ ಎಲ್ಲರೂ ಬಲ್ಲದ್ದೇ. ಹೀಗಾಗಿ ಬಾಗಿಲು ಹಾಕದೆ ಬಿಟ್ಟ ಒಂದು ರಾತ್ರಿಗೆ ಅಲ್ಲಿ ತೆರಬೇಕಾಗಿ ಬರುವುದು ಒಮ್ಮೊಮ್ಮೆ ನಾಯಿಯ ಪ್ರಾಣವನ್ನೇ.

ಇನ್ನೂ ಒಂದು ಮಾತುಂಟು. ಕಾರ್ತೀಕ ಮಾಸವು ನಾಯಿಗಳ ಮಾಸವೆಂದು ನಮ್ಮ ಜನರು ಹೇಳುವರು. ಇದು ಬರಿಯ ಪರಿಹಾಸ್ಯವಲ್ಲ. ನಮ್ಮ ನಾಡನಾಯಿಗಳಲ್ಲಿ ಅನೇಕವು ಮಳೆಗಾಲದ ಕೊನೆಯಿಂದ ಚಳಿಗಾಲದ ಮೊದಲವರೆಗೆ ಬೆದೆಗೆ ಬರುವುವು. ಕಾರ್ತೀಕವು ಹುಟ್ಟುವ ದೀಪಾವಳಿಯ ದಿನಗಳಲ್ಲಿಯೇ ಮಹದೇಶ್ವರನ ಬೆಟ್ಟದಲ್ಲಿ ದೊಡ್ಡ ಜಾತ್ರೆ ಕೂಡುವುದು. ದಾರಿಯುದ್ದಕ್ಕೂ ಯಾತ್ರಿಕರು, ಅವರು ಬಿಟ್ಟುಹೋದ ಅನ್ನ, ಆ ಅನ್ನಕ್ಕೆ ಸೇರಿದ ಬೀದಿನಾಯಿಗಳು. ಊರೂರಿನಲ್ಲಿ ಪಟಾಕಿಯ ಸದ್ದು. ಬೆದರಿದ ನಾಯಿಯು ಕಟ್ಟು ಬಿಡಿಸಿಕೊಳ್ಳಲು ಇದಕ್ಕಿಂತ ಒದಗಿದ ಕಾಲವಿಲ್ಲ. ಆಗ ನಡೆಯುವ ಕಾದಾಟಗಳಲ್ಲಿ ಒಂದು ಹುಚ್ಚುನಾಯಿ ಇದ್ದರೆ ರೇಬೀಸ್ ರೋಗವು ಒಂದರಿಂದ ಇನ್ನೊಂದಕ್ಕೂ, ಬಿಡಿಸಲು ಹೋದ ಮನುಷ್ಯನಿಗೂ ಹತ್ತುವುದು. ಡಿಸ್ಟೆಂಪರ್ ಎಂಬ ಇನ್ನೊಂದು ನಾಯಿರೋಗವು ಕಾಡಿನ ಮೃಗಗಳಿಗೂ ದಾಟತಕ್ಕದ್ದು. 1994ರಲ್ಲಿ ಆಫ್ರಿಕದ ಸೆರೆಂಗೆಟಿ ಬಯಲಿನಲ್ಲಿ ಅದು ಹರಡಿ, ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ನಾಶವಾಯಿತು. ಸುತ್ತಣ ಹಳ್ಳಿಗಳ ನಾಯಿಗಳಿಂದ ಅದು ಬಂದಿರಬೇಕೆಂದು ವಿಜ್ಞಾನಿಗಳು ಬಗೆದರು. ಪಾಲಾರಿನಂತಹ ಊರಿನಲ್ಲಿ ಒಂದು ನಾಯಿಯ ಬೆದೆಯು ಇಡೀ ಕಾಡಿನ ಆರೋಗ್ಯಕ್ಕೂ ತಗಲುವ ವಿಷಯವೆಂಬುದು ಇದರಿಂದ ತಿಳಿದೀತು.

ಇನ್ನು ಬೆದೆಯ ಕ್ರಮವನ್ನು ನೋಡೋಣ. ಸಣ್ಣ ಜಾತಿಯ ನಾಯಿಗಳು ಹುಟ್ಟಿದ ಆರೇಳು ತಿಂಗಳಿಗೇ ಮೊದಲ ಬೆದೆಗೆ ಬರುವುವು; ದೊಡ್ಡ ಜಾತಿಯವು ಒಂದು ವರ್ಷ, ಕೆಲವು ಒಂದೂವರೆ ವರ್ಷ ಕಳೆದ ಮೇಲೆ. ಆಮೇಲೆ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಯು ಮರಳುವುದು. ವರ್ಷಕ್ಕೆ ಒಂದೇ ಸಲ ಬರುವ ನಾಯಿಗಳೂ ಉಂಟು. ಮುದಿತನದಲ್ಲಿ ಅಂತರವು ಹೆಚ್ಚಬಹುದಾದರೂ ಬೆದೆಯು ಪೂರ್ಣವಾಗಿ ನಿಂತುಹೋಗುವುದಿಲ್ಲ.

ಈ ಚಕ್ರಕ್ಕೆ ನಾಲ್ಕು ಘಟ್ಟಗಳು. ಮೊದಲನೆಯದು ಪೂರ್ವಾವಸ್ಥೆ. ಜನನಾಂಗವು ಊದಿಕೊಂಡು, ರಕ್ತದ ತೊಟ್ಟುಗಳು ನೆಲದ ಮೇಲೆ ಕಾಣುವುವು. ನಾಯಿಯು ಪದೇ ಪದೇ ಮೂತ್ರ ಮಾಡುವುದು, ಮೈಯನ್ನು ನೆಕ್ಕಿಕೊಳ್ಳುವುದು, ಚಂಚಲವಾಗಿರುವುದು. ಗಂಡುನಾಯಿಗಳು ಹತ್ತಿರ ಬಂದರೆ ಕುಳಿತುಬಿಡುವುದು ಅಥವಾ ಗುರುಗುಟ್ಟುವುದು. ಈ ಘಟ್ಟವು ಸುಮಾರು 9 ದಿನಗಳು; ಮೂರೇ ದಿನಕ್ಕೆ ಮುಗಿದೀತು, 17 ದಿನಗಳಿಗೂ ಎಳೆದೀತು. ಎರಡನೆಯದು ನಿಜವಾದ ಬೆದೆ. ಊತವು ಮೆತ್ತಗಾಗುವುದು, ರಕ್ತದ ಬಣ್ಣವು ಇಳಿದು ಹುಲ್ಲು ನೆನೆಸಿದ ನೀರಿನಂತೆ ಆಗುವುದು. ಸೊಂಟದ ಹತ್ತಿರ ಕೈಯಿಟ್ಟರೆ ನಾಯಿಯು ಬಾಲವನ್ನು ಒಂದು ಪಕ್ಕಕ್ಕೆ ಸರಿಸಿ ನಿಂತುಕೊಳ್ಳುವುದು. ಗರ್ಭಧಾರಣೆಗೆ ಒಪ್ಪುವ ಕಾಲ ಇದೇ. ಇದೂ ಸುಮಾರು 9 ದಿನಗಳು, ಕೆಲವು ನಾಯಿಗಳಲ್ಲಿ 21 ದಿನಗಳವರೆಗೂ ಹೋಗುವುದು. ಮೂರನೆಯದು ಬೆದೆಯ ನಂತರದ ಸುಮಾರು ಎರಡು ತಿಂಗಳು. ನಾಲ್ಕನೆಯದು ವಿಶ್ರಾಂತಿಯ ಕೆಲವು ತಿಂಗಳುಗಳು.

ಮೇಲೆ ಹೇಳಿದ ತಪ್ಪಿಗೆ ಮೂಲ ಇಲ್ಲಿರುವುದು. ನಾವು ನಾಯಿಯ ರಕ್ತಸ್ರಾವವನ್ನು ಸ್ತ್ರೀಯರ ಮಾಸಿಕಸ್ರಾವಕ್ಕೆ ಹೋಲಿಸಿಕೊಳ್ಳುವೆವು. ಇವೆರಡೂ ಒಂದೇ ಅಲ್ಲ. ಸ್ತ್ರೀಯರಲ್ಲಿ ಅಂಡವು ಫಲಿಸದೆ ಹೋದ ಮೇಲೆ ಗರ್ಭಕೋಶದ ಒಳಪದರವು ಕಳಚಿ ರಕ್ತವಾಗಿ ಹೋಗುವುದು. ಅದು ಒಂದು ಚಕ್ರದ ಕೊನೆ. ನಾಯಿಯಲ್ಲಾದರೋ ಅಂಡವು ಹೊರಡುವುದಕ್ಕೆ ಮುಂಚೆಯೇ, ಈಸ್ಟ್ರೋಜನ್ ಎಂಬ ರಸದ ಏರಿಕೆಯಿಂದ ಗರ್ಭಕೋಶಕ್ಕೆ ರಕ್ತವು ತುಂಬಿ, ಅದರಿಂದ ಸ್ವಲ್ಪ ಹೊರಗೆ ಜಿನುಗುವುದು. ಅದು ಸಿದ್ಧತೆಯ ಗುರುತು. ಸಿದ್ಧತೆ ಮುಗಿದ ಮೇಲೆ ಅಂಡಗಳು ಹೊರಡುವುವು. ಹೊರಟ ಅಂಡವು ಪಕ್ವವಾಗಲು ಮತ್ತೆ ಎರಡು ಮೂರು ದಿನಗಳು ಬೇಕು. ಗಂಡುನಾಯಿಯ ರೇತಸ್ಸಾದರೋ ಹೆಣ್ಣಿನ ದೇಹದೊಳಗೆ ಐದಾರು ದಿನಗಳು ಸಜೀವವಾಗಿ ಉಳಿಯಬಲ್ಲುದು. ಆದುದರಿಂದ "ಬೇಗ ಕೂಡಿತು, ಗರ್ಭ ನಿಲ್ಲದು" ಎಂಬ ಮಾತೂ "ರಕ್ತ ನಿಂತಿತು, ಇನ್ನು ಭಯವಿಲ್ಲ" ಎಂಬ ಮಾತೂ ಎರಡೂ ನಂಬತಕ್ಕವಲ್ಲ. ಕೆಲವು ನಾಯಿಗಳು ತಮ್ಮನ್ನು ತಾವೇ ನೆಕ್ಕಿ ಶುಚಿಮಾಡಿಕೊಳ್ಳುವುದರಿಂದ ರಕ್ತವು ಕಣ್ಣಿಗೆ ಬೀಳುವುದೇ ಇಲ್ಲ.

ಇದರಿಂದ ಹೊರಡುವ ನಿಯಮವು ಸುಲಭವಾದದ್ದು. ಮೊದಲ ರಕ್ತ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿ. ಅಲ್ಲಿಂದ ಪೂರ್ತಿ ಮೂರು ವಾರ ಬಾಗಿಲನ್ನು ಕಾಯಿರಿ. ಮೂರು ವಾರಗಳ ಮೇಲೆಯೂ ಊತವಿಳಿಯದಿದ್ದರೆ ಅಥವಾ ಗಂಡುನಾಯಿಗಳು ಬೇಲಿಯ ಬಳಿ ಸುಳಿಯುತ್ತಿದ್ದರೆ, ಅವು ಚದರುವವರೆಗೆ ಕಾಯಿರಿ. ಈ ವಿಷಯದಲ್ಲಿ ನಮ್ಮ ಕಣ್ಣಿಗಿಂತ ಅವುಗಳ ಮೂಗು ಹೆಚ್ಚು ನಂಬಿಕೆಗೆ ಅರ್ಹವಾದುದು.

ಬಾಗಿಲು ಕಾಯುವುದೆಂದರೆ ಹೊರಗೆ ಕಟ್ಟಿಹಾಕುವುದೆಂದು ಅರ್ಥವಲ್ಲ. ಮಡಿಯ ಮನೆಗಳಲ್ಲಿ ರಕ್ತದ ಕಲೆಯು ಮೈಲಿಗೆಯೆಂದು ನಾಯಿಯನ್ನು ಹಿತ್ತಿಲಿಗೆ ಅಟ್ಟಿ ಅಲ್ಲಿ ಕಟ್ಟುವುದುಂಟು. ಕಟ್ಟಿದ ಹೆಣ್ಣುನಾಯಿಯು ಓಡಲಾರದು, ತಪ್ಪಿಸಿಕೊಳ್ಳಲಾರದು. ಗೋಡೆ ಹಾರಿ ಬಂದ ಗಂಡುನಾಯಿಗೆ ಅದು ಸುಲಭವಾಗಿ ಸಿಕ್ಕುವುದು. ಪಾಲಾರಿನಂತಹ ಕಡೆಯಲ್ಲಿ ಚಿರತೆಗೂ ಹಾಗೆಯೇ ಸಿಕ್ಕುವುದು. ಒಂದು ಮೂಲೆಯನ್ನು ಒಳಗೇ ಕೊಡಬೇಕು: ನಡುಮನೆಯಲ್ಲಾಗದಿದ್ದರೆ ಬಚ್ಚಲುಮನೆಯ ಪಕ್ಕದಲ್ಲಿ, ಹಳ್ಳಿಯಾದರೆ ಬಾಗಿಲು ಭದ್ರವಾಗಿರುವ ಕೊಟ್ಟಿಗೆಯಲ್ಲಿ. ಹಳೆಯ ಸೀರೆಯ ಅಥವಾ ಪಂಚೆಯ ತುಂಡುಗಳನ್ನು ಹಾಸಿ ದಿನವೂ ಬದಲಾಯಿಸಿ ಒಗೆದರೆ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಯನ್ನು ಒರಸಬಹುದು. ಅಂಗಡಿಗಳಲ್ಲಿ ಸಿಕ್ಕುವ ನಾಯಿಯ ಚಡ್ಡಿಯು ನೆಲವನ್ನು ಕಾಪಾಡುವುದೇ ಹೊರತು ನಾಯಿಯನ್ನು ಗಂಡಿನಿಂದ ಕಾಪಾಡಲಾರದು. ಅದನ್ನು ತೊಡಿಸಿದರೂ ಮೂರು ನಾಲ್ಕು ಗಂಟೆಗೊಮ್ಮೆ ಬಿಚ್ಚಿ ಚರ್ಮಕ್ಕೆ ಗಾಳಿಯಾಡಲು ಬಿಡಬೇಕು.

ಹೊರಗೆ ಕರೆದೊಯ್ಯುವಾಗ ಗಿಡ್ಡ ಹಗ್ಗವನ್ನು ಕೈಯಲ್ಲಿ ಸುತ್ತಿಕೊಂಡಿರಬೇಕು. ಕೊರಳಪಟ್ಟಿಯಿಂದ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳದಂತೆ ಬಿಗಿಯು ಸರಿಯಾಗಿರಬೇಕು. ಬೀದಿನಾಯಿಗಳು ಕಡಮೆಯಿರುವ ಹೊತ್ತನ್ನು ಆರಿಸಿಕೊಂಡು, ಸ್ವಲ್ಪ ದೂರ ಹೋಗಿ ಬೇಗ ಹಿಂದಿರುಗತಕ್ಕದ್ದು. ಎಂದೂ ಹೇಳಿದ ಮಾತು ಕೇಳುವ ನಾಯಿಯೆಂದು ಈ ಮೂರು ವಾರದಲ್ಲಿ ಹಗ್ಗ ಬಿಚ್ಚಬಾರದು. ಅಂಗಳದಲ್ಲಿ ಮೂತ್ರ ಮಾಡಿದ ಜಾಗಕ್ಕೆ ನೀರು ಸುರಿದು ತೊಳೆಯಬೇಕು. ಗಂಡುನಾಯಿಗಳಿಗೆ ಸುದ್ದಿ ಮುಟ್ಟುವುದು ಆ ವಾಸನೆಯಿಂದಲೇ. ಮನೆಯಲ್ಲಿಯೇ ಒಂದು ಗಂಡುನಾಯಿ ಇದ್ದರೆ ಅದನ್ನು ನೆಂಟರ ಮನೆಗೆ ಕಳುಹಿಸುವುದು ಮೇಲು. ಅಣ್ಣತಂಗಿ, ತಾಯಿಮಗ ಎಂಬ ಸಂಬಂಧವನ್ನು ನಾಯಿಗಳು ಎಣಿಸುವುದಿಲ್ಲವೆಂಬುದನ್ನು ಮರೆಯಬಾರದು. ಗೇಟಿನ ಕಂಬಿಗಳ ನಡುವಣ ಸಂದಿಯೂ ಸಾಕಾದೀತು.

ಹಸಿವು ಕಡಮೆಯಾದರೆ ಬಲವಂತ ಬೇಡ. ಸ್ವಲ್ಪ ಸ್ವಲ್ಪವಾಗಿ ಇಟ್ಟು, ಶುದ್ಧವಾದ ನೀರು ಯಾವಾಗಲೂ ದೊರೆಯುವಂತೆ ನೋಡಿಕೊಳ್ಳಬೇಕು. ಗದರಿಕೆಯಿಂದ ಏನೂ ಪ್ರಯೋಜನವಿಲ್ಲ. ಮಕ್ಕಳು "ನಾಯಿಗೆ ಏನಾಯಿತು?" ಎಂದು ಕೇಳಿದರೆ, ಹಸುವಿಗೆ ಆಗುವಂತೆಯೇ ಇದಕ್ಕೂ ಮರಿಹಾಕುವ ಕಾಲ ಬಂದಿರುವುದೆಂದು ಇದ್ದದ್ದನ್ನು ಹೇಳಿದರೆ ಅವರು ಒಪ್ಪಿಕೊಳ್ಳುವರು, ಆ ಮೇಲೆ ಬಾಗಿಲು ಹಾಕುವುದರಲ್ಲಿ ದೊಡ್ಡವರಿಗಿಂತ ಅವರೇ ಎಚ್ಚರಿಕೆಯವರಾಗುವರು.

ಇಷ್ಟಾದರೂ ಒಮ್ಮೆ ಕೈತಪ್ಪಿ ಹೋಗಬಹುದು. ಕೂಡಿದ ನಾಯಿಗಳು ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೆ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುವುದು ಸ್ವಾಭಾವಿಕ. ಆಗ ಕಲ್ಲೆಸೆಯುವುದು, ಕೋಲಿನಿಂದ ಹೊಡೆಯುವುದು, ಎಳೆದು ಬಿಡಿಸುವುದು ನಮ್ಮ ಬೀದಿಗಳಲ್ಲಿ ಕಾಣುವ ಕ್ರೌರ್ಯ. ಅದರಿಂದ ಎರಡಕ್ಕೂ ಗಾಯವಾಗುವುದು, ನೋವಿನಲ್ಲಿ ಅವು ಕಚ್ಚುವುವು, ಗರ್ಭವಂತೂ ತಪ್ಪುವುದಿಲ್ಲ. ಅವು ತಾವಾಗಿ ಬಿಡುವವರೆಗೆ ಕಾದು, ಹೆಣ್ಣುನಾಯಿಯನ್ನು ಒಳಗೆ ಕರೆದುಕೊಂಡು, ಆ ವಾರದಲ್ಲಿಯೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಒಂದು ಸಲ ಕೂಡಿತೆಂದು ಕಾವಲು ಸಡಿಲಿಸಲೂ ಬಾರದು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರುವುದು ನಾಯಿಗಳಲ್ಲಿ ಸಾಧ್ಯ. ಮನುಷ್ಯರ ಗುಳಿಗೆಯನ್ನಾಗಲಿ ನಾಟಿಮದ್ದನ್ನಾಗಲಿ ತಾವಾಗಿ ಕೊಡುವುದು ಅಪಾಯ. ಬೆದೆಯೇ ಬಾರದಂತೆ ಸೂಜಿಮದ್ದು ಹಾಕಿಸುವ ಅಭ್ಯಾಸವೂ ಗರ್ಭಕೋಶದ ಕೀವಿಗೂ ಮೊಲೆಗಡ್ಡೆಗೂ ದಾರಿಮಾಡುವುದುಂಟು. ಕಾದಾಟದಲ್ಲಿ ಯಾರಿಗಾದರೂ ನಾಯಿಯ ಹಲ್ಲು ತಗಲಿದರೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. 1907ರಲ್ಲಿ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆಯು ಏರ್ಪಟ್ಟ ಕಾಲಕ್ಕೆ ಈ ಚಿಕಿತ್ಸೆಗಾಗಿ ಬೆಟ್ಟ ಹತ್ತಿ ಹೋಗಬೇಕಾಗಿತ್ತು; ಈಗ ಲಸಿಕೆಗೆ ಅಷ್ಟು ದೂರ ಹೋಗಬೇಕಾದ್ದಿಲ್ಲ. ನಾಯಿಗೆ ವರ್ಷವರ್ಷವೂ ರೇಬೀಸ್ ಲಸಿಕೆ ಹಾಕಿಸಿರುವುದು ಎಲ್ಲಕ್ಕಿಂತ ಮೇಲು.

ಮೂರು ವಾರಗಳು ಕಳೆದುವು, ಏನೂ ಆಗಲಿಲ್ಲ, ಇನ್ನು ನಿಶ್ಚಿಂತರಾಗಬಹುದೆ? ಬಾಗಿಲ ಮಟ್ಟಿಗೆ ಹೌದು. ಆದರೆ ಮುಂದಿನ ಎರಡು ತಿಂಗಳು ನಾಯಿಯ ಮೇಲೆ ಕಣ್ಣಿಟ್ಟಿರಬೇಕು. ಗರ್ಭ ನಿಲ್ಲಲಿ ಬಿಡಲಿ, ನಾಯಿಯ ದೇಹದಲ್ಲಿ ಪ್ರೊಜೆಸ್ಟರೋನ್ ಎಂಬ ರಸವು ಸುಮಾರು ಎರಡು ತಿಂಗಳು ಏರಿಯೇ ಇರುವುದು. ಆದುದರಿಂದ ಕೆಲವು ನಾಯಿಗಳು ಬಸಿರಾಗದೆಯೂ ಬಸಿರಿಯಂತೆ ನಡೆದುಕೊಳ್ಳುವುವು. ಮೊಲೆಗಳಲ್ಲಿ ಹಾಲಾಡುವುದು, ಚಪ್ಪಲಿಯನ್ನೋ ಮಕ್ಕಳ ಬೊಂಬೆಯನ್ನೋ ಮರಿಯೆಂದು ಕಾಯುವುದು. ಆ ಹಾಲನ್ನು ಹಿಂಡಬಾರದು, ಹಿಂಡಿದಷ್ಟೂ ಹೆಚ್ಚುವುದು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಅದು ತಾನಾಗಿ ಇಳಿಯುವುದು.

ಇದಕ್ಕಿಂತ ಭಯಂಕರವಾದದ್ದು ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಮರಿಹಾಕದೆ ಹಲವು ಬೆದೆಗಳನ್ನು ಕಳೆದ ನಡುವಯಸ್ಸಿನ ಮತ್ತು ಮುದಿ ನಾಯಿಗಳಲ್ಲಿ ಇದು ಹೆಚ್ಚು. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ನಾಯಿಯು ಮಿತಿಮೀರಿ ನೀರು ಕುಡಿದರೆ, ಅನ್ನ ಬಿಟ್ಟರೆ, ವಾಂತಿ ಮಾಡಿದರೆ, ಹೊಟ್ಟೆಯು ಉಬ್ಬಿದರೆ, ದುರ್ವಾಸನೆಯ ಕೀವು ಸುರಿದರೆ, ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಕೆಲವು ಸಲ ಕೀವು ಹೊರಗೆ ಬಾರದೆ ಒಳಗೇ ನಿಲ್ಲುವುದು. ಅದು ಇನ್ನೂ ಅಪಾಯಕರ. "ವಯಸ್ಸಾಯಿತು, ಮಂಕಾಗಿದೆ" ಎಂದು ನಾಲ್ಕು ದಿನ ಕಾದ ಮನೆಗಳು ನಾಯಿಯನ್ನು ಕಳೆದುಕೊಂಡಿರುವುವು.

ಮರಿಗಳು ಬೇಕೆಂಬುವರು ಮೊದಲ ಬೆದೆಯನ್ನು ಬಿಟ್ಟು, ನಾಯಿಯ ಮೈ ತುಂಬಿ ಬೆಳೆದ ಮೇಲೆ ತಕ್ಕ ಗಂಡನ್ನು ಆರಿಸಿ ಕೂಡಿಸುವುದು ಯುಕ್ತ. ಗರ್ಭದ ಅವಧಿಯು ಸುಮಾರು 63 ದಿನಗಳು. ಆ ಮರಿಗಳಿಗೆ ಮನೆಗಳು ಮೊದಲೇ ಗೊತ್ತಾಗಿರಬೇಕು. ಮರಿಗಳು ಬೇಡವೆಂಬುವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಸ್ಥಿರವಾದ ದಾರಿ. ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆದಮೇಲೆ ಬೆದೆಯೂ ಇಲ್ಲ, ಕೀವಿನ ರೋಗವೂ ಇಲ್ಲ. ಬೇಗನೆ ಮಾಡಿಸಿದರೆ ಮೊಲೆಗಡ್ಡೆಯ ಭಯವೂ ತಗ್ಗುವುದೆಂದು ವೈದ್ಯರು ಹೇಳುವರು. ಇದರಲ್ಲಿ ತೊಡಕುಗಳೇ ಇಲ್ಲವೆಂದಲ್ಲ. ಕೆಲವು ನಾಯಿಗಳು ದಪ್ಪವಾಗುವುವು, ಕೆಲವಕ್ಕೆ ಮುಂದೆ ಮೂತ್ರ ಸೋರುವುದು. ದೊಡ್ಡ ಜಾತಿಯ ನಾಯಿಗಳಿಗೆ ತೀರ ಎಳೆಯದರಲ್ಲಿ ಮಾಡಿಸಿದರೆ ಕೀಲುಗಳಿಗೆ ತೊಂದರೆಯಾಗಬಹುದು. ಆದಕಾರಣ ವಯಸ್ಸನ್ನು ವೈದ್ಯರೊಡನೆ ಕೂತು ನಿಶ್ಚಯಿಸತಕ್ಕದ್ದು. ಬೆದೆಯ ದಿನಗಳಲ್ಲಿ ರಕ್ತನಾಳಗಳು ತುಂಬಿಕೊಂಡಿರುವುದರಿಂದ ಆಗ ಬಿಟ್ಟು, ಎರಡು ಮೂರು ತಿಂಗಳ ಮೇಲೆ ಮಾಡಿಸುವುದು ವಾಡಿಕೆ. ಬೀದಿನಾಯಿಗಳಿಗೂ ಇದೇ ಉಪಾಯವೆಂದು ಭಾರತ ಸರ್ಕಾರವು 2001ರಲ್ಲಿ ನಿಯಮಗಳನ್ನು ಹೊರಡಿಸಿ, 2023ರಲ್ಲಿ ಅವುಗಳನ್ನು ಹೊಸದಾಗಿ ರಚಿಸಿತು. ಆದರೆ ಬೀದಿಗೆ ಮರಿಗಳು ಬರುವುದು ಬೀದಿಯಿಂದ ಮಾತ್ರವಲ್ಲ. ಯಾರದೋ ಮನೆಯಲ್ಲಿ ಹುಟ್ಟಿ, ಗೋಣಿಚೀಲದಲ್ಲಿ ಊರಾಚೆಗೆ ಹೋದವು ಅವುಗಳಲ್ಲಿ ಎಷ್ಟೋ ಉಂಟು. ಬೆಟ್ಟದ ರಸ್ತೆಯ ಬದಿಯಲ್ಲಿ ಹಾಗೆ ಬಿಟ್ಟ ಮರಿಗಳ ಗತಿಯೇನೆಂಬುದನ್ನು ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

ಶ್ರೋತೃಗಳೇ, ಇಷ್ಟನ್ನೂ ನೆನಪಿನಲ್ಲಿಡುವುದು ಕಷ್ಟವಾದರೆ ಎರಡನ್ನು ಇಟ್ಟುಕೊಳ್ಳಿರಿ: ಮೊದಲ ರಕ್ತ ಕಂಡ ದಿನದಿಂದ ಮೂರು ವಾರ ಬಾಗಿಲಿಗೆ ಅಗಳಿ, ಆಮೇಲೆ ಎರಡು ತಿಂಗಳು ನಾಯಿಯ ಮೇಲೆ ಗಮನ. ಪಾಲಾರಿನ ಕಾಡಂಚಿನಲ್ಲಿ ರಾತ್ರಿ ಅಗಳಿ ಹಾಕುವವರಿಗೆ ಹೊರಗೆ ಏನಿದೆಯೆಂಬುದು ಗೊತ್ತು. ಪಟ್ಟಣದ ಬಾಗಿಲಿನ ಹೊರಗೆ ಚಿರತೆಯಿಲ್ಲದಿರಬಹುದು. ಹುಚ್ಚುನಾಯಿಯ ಹಲ್ಲು, ಮೋಟಾರಿನ ಚಕ್ರ, ಯಾರಿಗೂ ಬೇಡದ ಮರಿಗಳ ಹಸಿವು ಇವೆಲ್ಲ ಇಲ್ಲಿಯೂ ಉಂಟು. ನಮ್ಮನ್ನು ನಂಬಿ ಹೊಸ್ತಿಲ ಬಳಿ ಮಲಗುವ ಪ್ರಾಣಿಗೆ ವರ್ಷದಲ್ಲಿ ಕೆಲವು ವಾರಗಳ ಈ ಕಾವಲನ್ನು ನಡೆಸುವುದು ದೊಡ್ಡ ಶ್ರಮವೇನೂ ಅಲ್ಲ. ನಿಮ್ಮ ಮನೆಯಲ್ಲಿ ಹೆಣ್ಣುನಾಯಿ ಇದ್ದರೆ, ಅದು ಕಳೆದ ಸಲ ಬೆದೆಗೆ ಬಂದದ್ದು ಯಾವ ತಿಂಗಳೆಂದು ಇಂದೇ ಮನೆಯವರನ್ನು ಕೇಳಿ ಬರೆದಿಡಿರಿ.